ಬಡವರ ವಸತಿ ಕ್ಷೇತ್ರದಲ್ಲಿ ವೃತ್ತಿ: ಎಲ್ಲಿಂದ ಆರಂಭಿಸಬೇಕು?

ಕರ್ನಾಟಕದಲ್ಲಿ ಕಡಿಮೆ ಆದಾಯದವರಿಗೆ ಮನೆ ಕಟ್ಟಿಸುವ ಕೆಲಸಕ್ಕೆ ಬರುವವರಲ್ಲಿ ಸಿವಿಲ್ ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ಸಮಾಜಕಾರ್ಯ ಓದಿದವರು ಎಲ್ಲರೂ ಇದ್ದಾರೆ. ಪದವಿ ಯಾವುದೇ ಇರಲಿ, ನಕ್ಷೆ ಬಿಡಿಸುವುದಕ್ಕೆ ಮೊದಲು ಜಮೀನಿನ ಕಾಗದಪತ್ರ ಓದಲು ಕಲಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದರೆ ಈ ಕ್ಷೇತ್ರದಲ್ಲಿ ಮನೆಗಳು ಸಿಮೆಂಟಿನ ಕೊರತೆಯಿಂದ ನಿಲ್ಲುವುದಕ್ಕಿಂತ ದಾಖಲೆಯ ತೊಡಕಿನಿಂದ ನಿಲ್ಲುವುದೇ ಹೆಚ್ಚು.

ಆದ್ದರಿಂದ ಮೊದಲ ಆರು ತಿಂಗಳನ್ನು ಒಂದು ಗ್ರಾಮ ಪಂಚಾಯಿತಿಯ ಸುತ್ತಮುತ್ತ ಕಳೆಯುವುದು ಒಳ್ಳೆಯದು. ಪಹಣಿ, ಹಕ್ಕುಪತ್ರ, ಪಂಚಾಯಿತಿಯ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11, ಆಸ್ತಿಯ ಮೇಲಿನ ಸಾಲ ಮತ್ತು ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಇವುಗಳ ನಡುವಿನ ವ್ಯತ್ಯಾಸ ಕೈವಶವಾಗಬೇಕು. ಸರ್ಕಾರಿ ಜಾಗದಲ್ಲಿ ಈಗಾಗಲೇ ಮನೆ ಕಟ್ಟಿಕೊಂಡವರ ಸಕ್ರಮಕ್ಕೆ ಭೂಕಂದಾಯ ಕಾಯ್ದೆಯಲ್ಲಿ ಗ್ರಾಮಾಂತರಕ್ಕೆ 94ಸಿ, ನಗರಕ್ಕೆ 94ಸಿಸಿ ಕಲಂಗಳಿವೆ. ಅವನ್ನು ಮೂಲದಲ್ಲೇ ಓದಿ. ಖಾತೆ ಇನ್ನೂ ತೀರಿಹೋದ ಗಂಡನ ಹೆಸರಿನಲ್ಲೇ ಇರುವ ಹೆಂಗಸೊಬ್ಬರು ಪ್ಲಾಸ್ಟಿಕ್ ಚೀಲದಿಂದ ಮಡಿಕೆ ಹರಿದ ಕಾಗದ ತೆಗೆದು ಮೇಜಿನ ಮೇಲಿಟ್ಟಾಗ, ವಾರಸಾ ಖಾತೆ ಮಾಡಿಸುವ ಕ್ರಮವನ್ನು ನೀವು ಅಲ್ಲೇ ವಿವರಿಸಬಲ್ಲವರಾಗಿರಬೇಕು.

ಬಳಿಕ ಹಣದ ಹರಿವನ್ನು ಅರಿಯಿರಿ. ಬಸವ ವಸತಿ, ಅಂಬೇಡ್ಕರ್ ನಿವಾಸದಂತಹ ಯೋಜನೆಗಳನ್ನು ನೋಡಿಕೊಳ್ಳುವುದು ರಾಜೀವ್ ಗಾಂಧಿ ವಸತಿ ನಿಗಮ. ತಳಪಾಯ, ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ತೊಲೆ), ಛಾವಣಿ ಎಂದು ಹಂತಹಂತವಾಗಿ ಸ್ಥಳದ ಜಿಪಿಎಸ್ ಫೋಟೋ ಅಪ್‌ಲೋಡ್ ಆದ ಮೇಲೆಯೇ ಕಂತು ಬಿಡುಗಡೆಯಾಗುತ್ತದೆ. ಅಂದರೆ ತಳಪಾಯಕ್ಕೆ ಫಲಾನುಭವಿಯೇ ಮೊದಲು ಹಣ ಹೊಂದಿಸಬೇಕು. ಕೈಸಾಲ ಸಿಗದ ಮನೆ ಲಿಂಟಲ್ ಮಟ್ಟದಲ್ಲೇ ಪಾಚಿಗಟ್ಟುತ್ತದೆ. ಈ ಅಂತರವನ್ನು ತುಂಬಲು ಸ್ವಸಹಾಯ ಸಂಘದ ಸಾಲವನ್ನು ಕಂತಿನ ಲೆಕ್ಕಕ್ಕೆ ಹೊಂದಿಸಿಕೊಡಬಲ್ಲವರು ಯಾವ ತಂಡಕ್ಕೂ ಬೇಕಾದವರು.

ನಗರದಲ್ಲಿ ಲೆಕ್ಕ ಬೇರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ವಾರ್ಷಿಕ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಗಳನ್ನು ಆರ್ಥಿಕವಾಗಿ ದುರ್ಬಲ ವರ್ಗವೆಂದು ಪರಿಗಣಿಸಿ, ಅವರ ಮನೆಗೆ 30 ಚದರ ಮೀಟರಿನವರೆಗಿನ ಕಾರ್ಪೆಟ್ ವಿಸ್ತೀರ್ಣವನ್ನು (ಗೋಡೆಗಳ ಒಳಗೆ ಬಳಸಲು ಸಿಗುವ ನೆಲ) ನಿಗದಿಪಡಿಸಲಾಯಿತು. ಇಷ್ಟರಲ್ಲಿ ಅಡುಗೆಮನೆ, ಶೌಚಾಲಯ, ಹೊಲಿಗೆ ಯಂತ್ರಕ್ಕೊಂದು ಮೂಲೆ ಹೊಂದಿಸುವುದು ವಿನ್ಯಾಸಕಾರರಿಗೆ ನಿಜವಾದ ಪರೀಕ್ಷೆ. ಸಂಬಳದ ಚೀಟಿಯಿಲ್ಲದ ತರಕಾರಿ ವ್ಯಾಪಾರಿಯ ಆದಾಯವನ್ನು ಅಳೆಯಲು ಬಲ್ಲವರಿಗೆ ಗೃಹಸಾಲ ಸಂಸ್ಥೆಗಳಲ್ಲಿಯೂ ಕೆಲಸವಿದೆ.

ಇನ್ನು ಸಂರಕ್ಷಣೆ, ಅಂದರೆ ಇರುವ ಮನೆಗಳನ್ನು ಉಳಿಸಿ ನೋಡಿಕೊಳ್ಳುವ ಕೆಲಸ. ಹೊಸಬರು ಇದನ್ನು ಬಹುಪಾಲು ಕಡೆಗಣಿಸುತ್ತಾರೆ, ಉದ್ಘಾಟನೆಯ ಫಲಕದಲ್ಲಿ ಇದಕ್ಕೆ ಜಾಗವಿಲ್ಲ ಎಂಬ ಕಾರಣಕ್ಕೋ ಏನೋ. ಕರ್ನಾಟಕದ 1973ರ ಕೊಳಗೇರಿ ಕಾಯ್ದೆಯ ಹೆಸರಿನಲ್ಲಿ ‘ನಿರ್ಮೂಲನೆ’ಯ ಜೊತೆಗೆ ‘ಅಭಿವೃದ್ಧಿ’ಯೂ ಇದೆ. ಕೆಡವದೆ ಇದ್ದಲ್ಲಿಯೇ ಚರಂಡಿ, ನೀರು, ಹಕ್ಕುಪತ್ರ ಒದಗಿಸಿದರೆ ಜನ ಕೂಲಿ ಸಿಗುವ ಜಾಗದ ಹತ್ತಿರವೇ ಉಳಿಯುತ್ತಾರೆ. ಕೆಡವಿ ಬಹುಮಹಡಿ ಕಟ್ಟುವುದೇ ಆದರೆ, ಕಟ್ಟುವ ಮೊದಲೇ ನಿವಾಸಿಗಳ ಸಂಘ ರಚಿಸಿ, ನೀರೆತ್ತುವ ಮೋಟಾರಿನ ಕರೆಂಟ್ ಬಿಲ್ಲು, ಮೇಲಿನ ತೊಟ್ಟಿಯ ಸೋರಿಕೆ, ಮೆಟ್ಟಿಲಿನ ದೀಪ ಇವುಗಳ ಖರ್ಚನ್ನು ಮನೆಗಿಷ್ಟು ಎಂದು ಬರೆದಿಡಿ. ಕೆಲಸಕ್ಕೆ ಸೇರುವ ಸಂಸ್ಥೆಯನ್ನು ಆರಿಸುವಾಗಲೂ ಅವರು ಐದು ವರ್ಷಗಳ ಹಿಂದೆ ಹಸ್ತಾಂತರಿಸಿದ ಒಂದು ಕಟ್ಟಡಕ್ಕೆ ಹೋಗಿ, ಮೂರನೆಯ ಮಹಡಿಯ ನಲ್ಲಿ ತಿರುಗಿಸಿ ನೋಡಿ.