ಮುರಿದ ಸೀಲ್ ಹೋದ ದಾರಿ: ಆರ್‌ಎಕ್ಸ್-7 ಇಂಜಿನ್ ಬಿಚ್ಚಿ ಮಾರಿದ ನನ್ನ ಅನುಭವ

ನನ್ನ 1993ರ ಮಾಜ್ದಾ ಆರ್‌ಎಕ್ಸ್-7 ಇಂಜಿನ್ ಕೈಕೊಟ್ಟಿದ್ದು ನವೆಂಬರ್‌ನ ಒಂದು ಚಳಿ ಬೆಳಿಗ್ಗೆ, ನ್ಯೂಜೆರ್ಸಿಯ ಹೈವೇ ಮೇಲೆ. ಎರಡು ವಾರ ಮುಂಚೆ ಸೈಲೆನ್ಸರ್ ಪೈಪ್ ಪೂರ್ತಿ ಬದಲಾಯಿಸಿ ದೊಡ್ಡದು ಹಾಕಿಸಿದ್ದೆ. ಹೊಗೆಗೆ ದಾರಿ ಸಲೀಸಾದ ಮೇಲೆ, ಹೊಗೆಯ ಬಲದಿಂದ ತಿರುಗುವ ಟರ್ಬೋ ಇಂಜಿನ್ನಿಗೆ ತುರುಕುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, 10 ಪಿಎಸ್‌ಐ ಆಸುಪಾಸಿನಲ್ಲಿ ನಿಲ್ಲಬೇಕಿದ್ದದ್ದು ಅವತ್ತು 14 ದಾಟಿತು. ಒಳಬಂದ ಗಾಳಿಗೆ ಪೆಟ್ರೋಲ್ ಸಾಲಲಿಲ್ಲ. ಟಕ್ ಅಂತ ಒಂದೇ ಸದ್ದು. ಆಮೇಲೆ ಗಾಡಿ ನಿಂತಲ್ಲೇ ನಡುಗತೊಡಗಿತು.

ಈ 13ಬಿ-ಆರ್‌ಇಡಬ್ಲ್ಯೂ ಇಂಜಿನ್ನಿಗೆ ಪಿಸ್ಟನ್ ಇಲ್ಲ. ಹೌಸಿಂಗ್ ಅನ್ನುವ ಕವಚಗಳೊಳಗೆ ತಿರುಗುವ ಎರಡು ಮುಕ್ಕೋನದ ರೋಟರ್, ಎರಡು ಟರ್ಬೋ, ಒಟ್ಟು 1308 ಸಿಸಿ. ರೋಟರ್‌ನ ಒಂದೊಂದು ಮೂಲೆಗೂ 2 ಮಿಲಿಮೀಟರ್ ದಪ್ಪದ ಅಪೆಕ್ಸ್ ಸೀಲ್, ಅಂದರೆ ಒಂದು ಕೋಣೆಯ ಒತ್ತಡ ಪಕ್ಕದ ಕೋಣೆಗೆ ಸೋರದ ಹಾಗೆ ತಡೆಯುವ ಪಟ್ಟಿ. ಕಂಪ್ರೆಷನ್, ಅಂದರೆ ಒಳಗಿನ ಒತ್ತಡ ನೋಡಿದಾಗ ಹಿಂಬದಿಯ ರೋಟರ್‌ನಲ್ಲಿ ಮೂರು ಕೋಣೆಗೆ ಮೂರು ಬಡಿತದ ಬದಲು ಒಂದೇ ಬಡಿತ. ಒಂದು ಸೀಲ್ ಮುರಿದರೆ ಅದರ ಎರಡೂ ಪಕ್ಕದ ಕೋಣೆಗಳು ಹೋಗುತ್ತವೆ. ಅಷ್ಟರಲ್ಲೇ ವಿಷಯ ಗೊತ್ತಾಯಿತು. ಗಾಡಿಗೆ ಬೇರೆ ಇಂಜಿನ್ ಹಾಕಿಸುವುದು, ಹಳೆಯದನ್ನು ಬಿಚ್ಚಿ ಮಾರುವುದು ಅಂತ ತೀರ್ಮಾನಿಸಿದೆ.

ಯಾವುದು ಮಾರಬಹುದು, ಯಾವುದು ಮಾರಬಾರದು? ನಾನು ಹಿಡಿದ ದಾರಿ ಇಷ್ಟೇ. ಮುರಿದ ಚೂರು ಎಲ್ಲೆಲ್ಲಿ ಹಾದು ಹೋಗಿದೆ ಅಂತ ಹುಡುಕಿದೆ. ರೋಟರ್ ಮೂಲೆ, ಹೌಸಿಂಗ್‌ನ ಒಳಗೋಡೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್, ಅಲ್ಲಿಂದ ಸೀದಾ ಟರ್ಬೋ. ಆ ದಾರಿಯಲ್ಲಿರುವ ಒಂದೊಂದು ಸಾಮಾನನ್ನೂ ಅನುಮಾನದಿಂದಲೇ ನೋಡಬೇಕು.

ಹಿಂದಿನ ಹೌಸಿಂಗ್‌ನ ಕ್ರೋಮ್ ಮೇಲೆ ಬೆರಳುದ್ದದ ಗೀರು ಬಿದ್ದಿತ್ತು. ಅದು ಮುಗಿದ ಕಥೆ. ಮುಂದಿನದು ಹೊಳೆಯುತ್ತಿತ್ತು, ಆದರೆ ಹೊಳಪನ್ನು ನಂಬಬಾರದು. ನಮ್ಮಪ್ಪ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹಳೆ ಸಾಮಾನು ಕೊಳ್ಳುವಾಗ ಮೊದಲು ಉಗುರು ಗೀರಿ ನೋಡುತ್ತಿದ್ದರು. ನಾನೂ ಒಳಗೋಡೆ ಪೂರ್ತಿ, ಅಂಚಿನವರೆಗೂ ಉಗುರು ಎಳೆದೆ. ಒಂದು ಕಡೆ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಕ್ರೋಮ್ ಎದ್ದಿರುವುದು ಉಗುರಿಗೆ ಸಿಕ್ಕಿತು. ಅದರ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು, ಮಾರಾಟದ ಜಾಹೀರಾತಿನಲ್ಲಿ ಆ ಫೋಟೋವನ್ನೇ ಮೊದಲು ಹಾಕಿದೆ. 500 ಡಾಲರ್ ಹೇಳಿದ್ದೆ, 450ಕ್ಕೆ ಹೋಯಿತು. ಕೊಂಡವನು ಚೌಕಾಸಿ ಮಾಡಿದ್ದು ಒಂದೇ ಸಲ.

ಟರ್ಬೋ ವಿಷಯದಲ್ಲಿ ನನಗೆ ಹೊಟ್ಟೆ ಉರಿದಿದ್ದು ನಿಜ. ಕೈಯಲ್ಲಿ ತಿರುಗಿಸಿದರೆ ಎರಡೂ ಬೆಣ್ಣೆಯ ಹಾಗೆ ತಿರುಗುತ್ತಿದ್ದವು. ಸುಮ್ನೆ ಮಾರಿಬಿಡಬಹುದಿತ್ತು. ಟಾರ್ಚ್ ಹಿಡಿದು ಟರ್ಬೈನ್, ಅಂದರೆ ಹೊಗೆ ತಿರುಗಿಸುವ ಚಕ್ರದ ಕಡೆಯಿಂದ ಒಂದೊಂದೇ ಎಲೆ ಎಣಿಸುತ್ತಾ ಹೋದಾಗ, ಒಂದರ ತುದಿ ಇಲಿ ಕಚ್ಚಿದ ಹಾಗೆ ಮುಕ್ಕಾಗಿತ್ತು. ಅದು ಸೀಲ್ ಚೂರಿನ ಕೆಲಸ. ಆ ಎಲೆಗೆ ಬಿಳಿ ಬಣ್ಣ ಹಚ್ಚಿ, ಜೋಡಿಯನ್ನು ರಿಪೇರಿ ಮಾಡುವವರಿಗೆ ಮಾತ್ರ ಅಂತ ಬರೆದು ಅರ್ಧಕ್ಕಿಂತ ಕಮ್ಮಿ ಬೆಲೆಗೆ ಕೊಟ್ಟೆ.

ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇರುವುದು ಗಾಳಿ ಒಳಬರುವ ಕಡೆ, ಚೂರು ಅಲ್ಲಿಗೆ ಹೋಗಲ್ಲ. ಆದರೂ ಇಂಜಿನ್ ಹಾಳಾದ ಗಾಡಿಯ ಇಂಜೆಕ್ಟರ್ ಅಂದರೆ ಕೊಳ್ಳುವವರಿಗೆ ಅನುಮಾನ. ಪೆಟ್ರೋಲ್ ಕಮ್ಮಿ ಬಿಟ್ಟಿದ್ದು ಇದೇ ಇರಬಹುದು ಅಲ್ವಾ? ಅವರು ಕೇಳುವುದು ಸರಿಯೇ. ನಿಮಿಷಕ್ಕೆ 550 ಸಿಸಿ ಬಿಡುವ ಎರಡು, 850 ಸಿಸಿಯ ಎರಡು, ನಾಲ್ಕೂ ಎಷ್ಟು ಪೆಟ್ರೋಲ್ ಬಿಡುತ್ತವೆ ಅಂತ ಫ್ಲೋ ಟೆಸ್ಟ್ ಮಾಡಿಸಿ ಆ ಚೀಟಿಯ ಸಮೇತ ಮಾರಾಟಕ್ಕಿಟ್ಟೆ. ಎರಡೇ ದಿನದಲ್ಲಿ ಹೋದವು. ವ್ಯಾಕ್ಯೂಮ್ ಸೊಲೆನಾಯ್ಡ್‌ಗಳನ್ನು, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ಸಣ್ಣ ವಾಲ್ವ್‌ಗಳನ್ನು, ಮಲ್ಟಿಮೀಟರ್‌ನಲ್ಲಿ ನೋಡಿ ಬಿಡಿಬಿಡಿಯಾಗಿ ಮಾರಿದೆ. ಅವುಗಳ ರಬ್ಬರ್ ಪೈಪ್ ಶಾಖಕ್ಕೆ ಗಟ್ಟಿಯಾಗಿ ಹಪ್ಪಳದ ಹಾಗೆ ಮುರಿಯುತ್ತಿದ್ದವು, ಎಸೆದೆ.

ಪ್ಯಾಕಿಂಗ್‌ನಲ್ಲಿ ಒಂದು ಪೆಟ್ಟು ತಿಂದೆ. ಟರ್ಬೋ ಕಳಿಸುವಾಗ ಆಯಿಲ್ ತೂತುಗಳನ್ನು ಮುಚ್ಚಿರಲಿಲ್ಲ. ಒಳಗೆ ಉಳಿದಿದ್ದ ಆಯಿಲ್ ಸೋರಿ, ಡಬ್ಬದ ತಳ ಒದ್ದೆಯಾಗಿ ಹರಿದು ತಲುಪಿತು. 40 ಡಾಲರ್ ವಾಪಸ್ ಕೊಟ್ಟೆ. ಹೌಸಿಂಗ್ ಕಳಿಸುವಾಗ ಆ ತಪ್ಪು ಮಾಡಲಿಲ್ಲ. ಅದರ ಎರಡೂ ಮುಖ ಸಪಾಟಾಗಿರಬೇಕು, ಸಣ್ಣ ಏಟು ಬಿದ್ದರೂ ಕೂಲಂಟ್ ಸೋರುತ್ತದೆ. ಎರಡು ಪ್ಲೈವುಡ್ ಹಲಗೆ ಕತ್ತರಿಸಿ, ಮಧ್ಯೆ ಹೌಸಿಂಗ್ ಇಟ್ಟು, ಇಂಜಿನ್ನಿನ ಉದ್ದ ಬೋಲ್ಟ್ ಹೋಗುವ ತೂತುಗಳಲ್ಲೇ ಬೋಲ್ಟ್ ತೂರಿಸಿ ಬಿಗಿದೆ. ಡಬ್ಬ ಬಿದ್ದರೂ ಏಟು ಹಲಗೆಗೆ. ಪಕ್ಕದ ಕಬ್ಬಿಣದ ಪ್ಲೇಟುಗಳು ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಅವನ್ನು ಮನೆಗೇ ಬಂದು ನೋಡಿ ಒಯ್ಯುವವರಿಗೆ ಕೊಟ್ಟೆ.

ಕೊನೆಗೆ ಉಳಿದಿದ್ದು ಆ ಗೀರು ಬಿದ್ದ ಹೌಸಿಂಗ್. ಗೋಡೆ ಗಡಿಯಾರ ಮಾಡುತ್ತೇನೆ ಅಂತ ಒಬ್ಬರು ಕೇಳಿದರು. ಕೊಡಲು ಅಡ್ಡಿಯಿಲ್ಲ. ಆದರೆ ಗಡಿಯಾರ ನಾಳೆ ಇನ್ಯಾರದೋ ಕೈಗೆ ಹೋದರೆ? ಯಾರಾದರೂ ಗೀರನ್ನು ಉಜ್ಜಿ, ಚೆನ್ನಾಗಿದೆ ಅಂತ ಮಾರಿದರೆ? ಗ್ರೈಂಡರ್ ತೆಗೆದುಕೊಂಡು ಕ್ರೋಮ್ ಮೇಲೆ ಅಡ್ಡಡ್ಡ ಎರಡು ಆಳವಾದ ಗೆರೆ ಕೊಯ್ದು, ಆಮೇಲೆ ಅವರ ಕಾರಿನ ಡಿಕ್ಕಿಯಲ್ಲಿಟ್ಟೆ.