ಮಾಗಡಿ ಕೆರೆಯ ದಂಡೆ, ಕುರಿ ಉಣ್ಣೆಯ ಚಿತ್ರ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದವರ ಕ್ಯಾಮೆರಾ ತಿರುಗುವುದು ಪಟ್ಟೆತಲೆ ಹೆಬ್ಬಾತುಗಳ ಕಡೆಗೆ. ಹಿಮಾಲಯ ದಾಟಿ ಬರುವ ಈ ಹಕ್ಕಿಗಳಿಂದಲೇ ಕೆರೆಗೆ ಹೆಸರು. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಈ ಕೆರೆಯ ಚಿತ್ರವನ್ನು ಉಣ್ಣೆಯಲ್ಲಿ ನೇಯಲು ಹೊರಟವರು ಮೊದಲು ನೋಡಬೇಕಾದ್ದು ದಂಡೆಯನ್ನು. ಹಸಿ ಎರೆಮಣ್ಣಿನ ಕಪ್ಪು, ಅದು ಒಣಗಿ ಬಿರಿದಲ್ಲಿ ಬೂದು, ನೀರು ಇಳಿದ ಗೆರೆ, ನೀರು, ಆಚೆ ದಡದ ಜಾಲಿ, ಮೇಲೆ ಬಾನು, ಎಲ್ಲವೂ ಅಡ್ಡಡ್ಡ ಪಟ್ಟಿಗಳು. ನೇಯ್ಗೆ ಬೆಳೆಯುವುದೂ ಹೀಗೇ, ಸಾಲಿನ ಮೇಲೆ ಸಾಲು. ಚಿತ್ರನೇಯ್ಗೆಯನ್ನು ಮೊದಲ ಬಾರಿ ಕಲಿಯುವವರಿಗೆ ಕೆರೆದಂಡೆಗಿಂತ ಒಳ್ಳೆಯ ವಸ್ತು ಇಲ್ಲ.

ನೂಲಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಅಂಗಡಿಯ ಬಣ್ಣಬಣ್ಣದ ಅಕ್ರಿಲಿಕ್ ಉಂಡೆಗಳನ್ನು ಬಿಟ್ಟು ಡೆಕ್ಕನಿ ಕುರಿಯ ಉಣ್ಣೆಯಲ್ಲೇ ಇದನ್ನು ನೇಯಿರಿ. ಕುರುಬರು ಕಂಬಳಿ ನೇಯುತ್ತ ಬಂದ ಒರಟು ಉಣ್ಣೆ ಅದು. ಮೈಗೆ ಚುಚ್ಚುತ್ತದೆ, ಗೋಡೆಗೆ ಚುಚ್ಚುವುದಿಲ್ಲ. ಇಂದು ಈ ಉಣ್ಣೆಗೆ ಕೊಳ್ಳುವವರೇ ಕಡಿಮೆ. ಕತ್ತರಿಸಿದ ಕೂಲಿಯೂ ಹುಟ್ಟದೆ ಕುರಿಗಾರರು ಅದನ್ನು ಹೊಲದಲ್ಲೇ ಬಿಟ್ಟು ಹೋಗುವುದುಂಟು. ಎರೆಮಣ್ಣಿನ ಬಣ್ಣ ಅದರಲ್ಲಿ ಹುಟ್ಟಿನಿಂದಲೇ ಇದೆ. ಕರಿ ಉಣ್ಣೆಯ ತುದಿ ಬಿಸಿಲಿಗೆ ಕಂದಿ ತುಕ್ಕಿನ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆ ಕಂದನ್ನು ಯಾವ ಬಣ್ಣದ ಪುಡಿಯಿಂದಲೂ ತರಲಾಗದು. ಕಂಬಳಿ ನೇಯುವ ಮನೆಗಳಲ್ಲಿ ಕೇಳಿದರೆ ಕೈಯಿಂದ ನೂತ ಕರಿ, ಬೂದು, ಬಿಳಿ ನೂಲು ಸಿಗುತ್ತದೆ. 18 ಇಂಚು ಅಗಲ, 12 ಇಂಚು ಎತ್ತರದ ಚಿತ್ರಕ್ಕೆ ಎಲ್ಲ ಬಣ್ಣ ಸೇರಿ 300ರಿಂದ 350 ಗ್ರಾಂ ಸಾಕು.

ಹಂತ 1: ಏರಿಯ ಮೇಲೆ ಕೂತು ನೋಡುವುದು

ನವೆಂಬರ್‌ನಿಂದ ಫೆಬ್ರುವರಿವರೆಗೆ ಹೋಗಿ, ಬೆಳಗಿನ ಹೊತ್ತು ಒಳ್ಳೆಯದು. ಸುತ್ತಲ ಹೊಲಗಳಲ್ಲಿ ಮೇದ ಬಾತುಗಳು ನೀರಿಗೆ ಮರಳುವ ಸಮಯ. ದಂಡೆಗೆ ಇಳಿಯಬೇಡಿ. ಒಬ್ಬರು ಇಳಿದರೂ ಇಡೀ ಹಿಂಡು ಏಳುತ್ತದೆ. ಬಿದ್ದ ಗರಿಯನ್ನೂ ಹೆಕ್ಕಿ ತರಬೇಡಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತೊಡಕು ಒಂದು ಕಡೆ. ನೇಯ್ಗೆಗೆ ಗರಿ, ಕಡ್ಡಿ, ಶಂಖು ಸಿಕ್ಕಿಸಿದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ, ನೂಲಿನ ಕೆಲಸ ಯಾರಿಗೂ ಕಾಣುವುದಿಲ್ಲ.

ಪುಸ್ತಕದಲ್ಲಿ ಕೆರೆಯ ಚಿತ್ರ ಬರೆಯುವ ಅಗತ್ಯವಿಲ್ಲ. ಕಣ್ಣು ಅರ್ಧ ಮುಚ್ಚಿ ನೋಡಿ. ವಿವರಗಳೆಲ್ಲ ಅಳಿಸಿ ಐದಾರು ಪಟ್ಟಿ ಉಳಿಯುತ್ತವೆ. ಪ್ರತಿ ಪಟ್ಟಿಗೂ ಒಂದು ಗೆರೆ ಎಳೆದು, ಪಕ್ಕದಲ್ಲಿ ಅದರ ಬಣ್ಣ ಬರೆದುಕೊಳ್ಳಿ. ಬರೀ ‘ಕಂದು’ ಎಂದು ಬರೆದರೆ ಮನೆಗೆ ಬಂದ ಮೇಲೆ ಏನೂ ನೆನಪಾಗುವುದಿಲ್ಲ. ‘ಒಣಗಿದ ಸಗಣಿಯ ಕಂದು, ಅಂಚಿನಲ್ಲಿ ಹಸಿರು’ ಎಂದು ಬರೆಯಿರಿ. ಬಯಲುಸೀಮೆಯಲ್ಲಿ ಬಾನು ನೋಟದ ಅರ್ಧ ಭಾಗ ತುಂಬಿರುತ್ತದೆ. ನೇಯ್ಗೆಯಲ್ಲಿ ಅಷ್ಟೇ ಜಾಗ ಕೊಟ್ಟರೆ ಚಿತ್ರ ಬರಿದಾಗುತ್ತದೆ. 12 ಇಂಚಿನ ಎತ್ತರವನ್ನು ನಾನು ಹಂಚುವುದು ಹೀಗೆ: ಕೆಳಗೆ ಮಣ್ಣು ಮತ್ತು ಹುಲ್ಲು 4, ಒದ್ದೆ ಅಂಚು 1, ನೀರು 4, ಆಚೆ ದಡ ಅರ್ಧ, ಬಾನು ಎರಡೂವರೆ ಇಂಚು.

ನಿಮ್ಮ ಊರಿನ ಕೆರೆಯ ತುಂಬ ಜೊಂಡು ನಿಂತಿದ್ದರೆ ಲೆಕ್ಕ ಬೇರೆ. ಆಗ ಚಿತ್ರವನ್ನು ಅಡ್ಡ ಮಲಗಿಸಿ ನೇಯ್ದು, ಮುಗಿದ ಮೇಲೆ ತಿರುಗಿಸಿ ತೂಗುಹಾಕಬೇಕು. ನೇಯುವಾಗ ಅಡ್ಡ ಸಾಲಾಗಿದ್ದದ್ದು ಗೋಡೆಯ ಮೇಲೆ ನಿಂತ ಜೊಂಡಾಗುತ್ತದೆ.

ಹಂತ 2: ಚೌಕಟ್ಟು ಮತ್ತು ಹಾಸು

ದೊಡ್ಡ ಮಗ್ಗ ಬೇಡ. ಒಳಅಳತೆ 22 ಇಂಚು ಅಗಲ, 20 ಇಂಚು ಎತ್ತರ ಬರುವಂತೆ ಬಡಗಿಯಿಂದ ಗಟ್ಟಿ ಮರದ ಚೌಕಟ್ಟು ಮಾಡಿಸಿ. ಮೂಲೆಗಳು ಅಲುಗಬಾರದು. ಮೇಲಿನ, ಕೆಳಗಿನ ಪಟ್ಟಿಗಳಿಗೆ 18 ಇಂಚಿನುದ್ದಕ್ಕೂ ಅರ್ಧ ಇಂಚಿಗೊಂದು ಸಣ್ಣ ಮೊಳೆ ಹೊಡೆಯಿರಿ. ಒಂದು ಮೊಳೆ ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ ಇದ್ದರೆ ಮರ ಸೀಳುವುದಿಲ್ಲ.

ಹಾಸು ಎಂದರೆ ಚೌಕಟ್ಟಿನಲ್ಲಿ ಮೇಲಿಂದ ಕೆಳಕ್ಕೆ ಬಿಗಿದ ಎಳೆಗಳು. ಅದಕ್ಕೆ ಹುರಿ ಗಟ್ಟಿಯಾದ ಹತ್ತಿ ದಾರ ಬೇಕು, 45 ಮೀಟರ್ ಇಟ್ಟುಕೊಳ್ಳಿ. ಕೆಳಗಿನ ಮೊದಲ ಮೊಳೆಗೆ ಗಂಟು ಹಾಕಿ, ಮೇಲೆ, ಕೆಳಗೆ ಸುತ್ತುತ್ತ ಹೋದರೆ ಇಂಚಿಗೆ ನಾಲ್ಕು ಎಳೆ ಬೀಳುತ್ತವೆ. ಅಂಗೈಯಿಂದ ಒತ್ತಿದಾಗ ಎಲ್ಲ ಎಳೆಗಳೂ ಒಂದೇ ಸಮ ಹಿಂದಕ್ಕೆ ಒತ್ತಬೇಕು. ಸಡಿಲಾದ ಒಂದೇ ಎಳೆ ಇದ್ದರೂ ಅಲ್ಲಿ ಬಟ್ಟೆ ಉಬ್ಬುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ. ಕರಡು ಚಿತ್ರವನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ದಪ್ಪ ಗೆರೆಗಳಲ್ಲಿ ಬರೆದು ಹಾಸಿನ ಹಿಂದೆ ಕಟ್ಟಿ.

ಹಂತ 3: ಬಣ್ಣ

ಉಣ್ಣೆಯನ್ನು ಅಂಟವಾಳದ ನೀರಿನಲ್ಲಿ, ಉಗುರು ಬಿಸಿಯಲ್ಲಿ, ಉಜ್ಜದೆ ನೆನೆಸಿ ತೊಳೆಯಿರಿ. ಉಜ್ಜಿದರೆ ಗಂಟುಗಟ್ಟುತ್ತದೆ. ಮುಕ್ಕಾಲು ಭಾಗ ನೂಲಿಗೆ ಬಣ್ಣ ಹಾಕುವ ಕೆಲಸವೇ ಇಲ್ಲ. ಬೇಕಾಗುವುದು ಒಣ ಹುಲ್ಲಿನ ಹಳದಿ ಮತ್ತು ಪಾಚಿಯ ಬಣ್ಣ, ಎರಡಕ್ಕೂ ದಾಳಿಂಬೆ ಸಿಪ್ಪೆ ಸಾಕು.

100 ಗ್ರಾಂ ಬಿಳಿ ನೂಲಿಗೆ 15 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಒಂದು ತಾಸು ನಿಧಾನವಾಗಿ ಕಾಯಿಸಿ, ಅದರಲ್ಲೇ ಆರಲು ಬಿಡಿ. ಬೇರೆ ಪಾತ್ರೆಯಲ್ಲಿ 100 ಗ್ರಾಂ ಒಣ ಸಿಪ್ಪೆ ಕುದಿಸಿ ಸೋಸಿ, ಆರಿದ ಮೇಲೆ ನೂಲು ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಒಂದು ತಾಸು ಇಡಿ. ನೀರು ಕುದಿಯುವ ಮೊದಲೇ ಉರಿ ತಗ್ಗಿಸಬೇಕು. ಹುಲ್ಲಿನ ಹಳದಿ ಬರುತ್ತದೆ. ಅರ್ಧ ನೂಲನ್ನು ತೆಗೆದಿಟ್ಟು, ಉಳಿದ ನೀರಿಗೆ ಚಿಟಿಕೆ ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿದರೆ ಕಣ್ಣೆದುರೇ ಹಳದಿ ಕಪ್ಪಾಗುತ್ತ ಪಾಚಿಯ ಹಸಿರುಬೂದಿಗೆ ಇಳಿಯುತ್ತದೆ. ಚಿಟಿಕೆ ಮೀರಬೇಡಿ, ಕಬ್ಬಿಣದ ಅಂಶ ಹೆಚ್ಚಾದರೆ ಉಣ್ಣೆ ಪುಡಿಪುಡಿಯಾಗುತ್ತದೆ. ಈ ಪಾತ್ರೆಗಳು ಮತ್ತೆ ಅಡುಗೆಗೆ ಹೋಗಬಾರದು.

ನೀರೆಂದರೆ ನೀಲಿ ಎಂದು ನೀಲಿ ನೂಲು ಕೊಳ್ಳುವ ಮುನ್ನ ನಿಮ್ಮ ಟಿಪ್ಪಣಿ ನೋಡಿ. ಬೆಳಗಿನ ಕೆರೆ ಹೆಚ್ಚಾಗಿ ಬೂದು, ಬಿಳಿ, ಅಲ್ಲಲ್ಲಿ ಮಣ್ಣಿನ ಬಣ್ಣ. ಒಂದು ತೆಳು ಬೂದು ಎಳೆ, ಒಂದು ಬಿಳಿ ಎಳೆ ಜೊತೆಗೂಡಿಸಿ ಒಂದೇ ನೂಲಿನಂತೆ ನೇಯಿರಿ. ಮುಂದಿನ ಅರ್ಧ ಇಂಚಿಗೆ ಎರಡೂ ಬೂದು. ಹೀಗೆ ಬೆರೆಸುತ್ತ ಹೋದರೆ ನಾಲ್ಕು ಬಣ್ಣದ ನೂಲಿನಿಂದ ಹತ್ತು ಛಾಯೆ ಹುಟ್ಟುತ್ತವೆ.

ಹಂತ 4: ನೇಯುವುದು

ಹೊಕ್ಕಿನ ನೂಲು, ಅಂದರೆ ಅಡ್ಡ ಹಾಯುವ ನೂಲು, ಹಾಸನ್ನು ಪೂರ್ತಿ ಮುಚ್ಚುವ ನೇಯ್ಗೆ ಇದು. ಈ ಸೀಮೆಗೆ ಇದು ಹೊಸದಲ್ಲ, ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ನಿಂತ ಮಗ್ಗದ ಮೇಲೆ ನೇಯುವ ಜಮಖಾನದ ನವಿಲುಗಳನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ಮೊದಲು ಹತ್ತಿ ದಾರದಲ್ಲೇ ಆರೆಂಟು ಸಾಲು ನೇಯ್ದು ಎಳೆಗಳ ಅಂತರ ಸಮ ಮಾಡಿಕೊಳ್ಳಿ. ಆಮೇಲೆ ಕರಿ ಉಣ್ಣೆ. ಒಂದು ಎಳೆಯ ಮೇಲೆ, ಒಂದರ ಕೆಳಗೆ. ಹಿಂತಿರುಗುವಾಗ ಅದಕ್ಕೆ ಉಲ್ಟಾ. ನೂಲನ್ನು ನೇರವಾಗಿ ಎಳೆಯಬೇಡಿ. ಕಮಾನಿನಂತೆ ಸಡಿಲ ಬಿಟ್ಟು, ಮಧ್ಯದಿಂದ ಎರಡೂ ಕಡೆಗೆ ಫೋರ್ಕಿನಿಂದ ಬಡಿದು ಕೂರಿಸಿ. ಬಿಗಿಯಾಗಿ ಎಳೆದರೆ ಅಂಚುಗಳು ಒಳಸರಿದು ಬಟ್ಟೆಯ ನಡು ಸಣ್ಣಗಾಗುತ್ತದೆ. ಹತ್ತು ಸಾಲಿಗೊಮ್ಮೆ ಅಗಲ ಅಳೆಯುತ್ತಿರಿ.

ದಂಡೆಯ ಇಳಿಜಾರು ಲೆಕ್ಕದಿಂದ ಬರುತ್ತದೆ. ಎರಡು ಬಣ್ಣ ಸೇರುವ ಜಾಗವನ್ನು ಪ್ರತಿ ಎರಡು ಸಾಲಿಗೆ ಒಂದು ಎಳೆ ಪಕ್ಕಕ್ಕೆ ಸರಿಸಿದರೆ ಕಡಿದಾದ ದಡ. ಪ್ರತಿ ಸಾಲಿಗೆ ನಾಲ್ಕೈದು ಎಳೆ ಸರಿಸಿದರೆ ಮಾಗಡಿಯಂಥ ಚಪ್ಪಟೆ ದಂಡೆ. ಒಂದೇ ಎಳೆಯ ಬಳಿ ಪದೇ ಪದೇ ಹಿಂತಿರುಗಿದರೆ ನಡುವೆ ಸೀಳು ಬಿಡುತ್ತದೆ. ಒಣಗಿ ಬಿರಿದ ಮಣ್ಣಿಗೆ ಅಂಥ ಸಣ್ಣ ಸೀಳುಗಳನ್ನು ಬೇಕೆಂದೇ ಬಿಡಬಹುದು, ಅರ್ಧ ಇಂಚಿಗಿಂತ ಉದ್ದ ಬೇಡ.

ಒದ್ದೆ ಅಂಚಿಗೆ ಉಬ್ಬು ಬೇಕು. ನೂಲನ್ನು ನಾಲ್ಕು ಎಳೆಗಳ ಮೇಲೆ ಮುಂದಕ್ಕೆ ಒಯ್ದು, ಎರಡರ ಕೆಳಗೆ ಹಿಂದಕ್ಕೆ ತನ್ನಿ. ಮತ್ತೆ ನಾಲ್ಕರ ಮೇಲೆ, ಎರಡರ ಕೆಳಗೆ. ಓರೆಯಾದ ಹಗ್ಗದಂಥ ಸಾಲು ಮೇಲೆದ್ದು ನಿಲ್ಲುತ್ತದೆ. ಮುಂದಿನ ಸಾಲನ್ನು ಎದುರು ದಿಕ್ಕಿನಿಂದ ಮಾಡಿದರೆ ಎರಡೂ ಸೇರಿ ಜಡೆಯಾಗುತ್ತದೆ. ಅಲೆ ತಳ್ಳಿ ಬಿಟ್ಟ ಕೆಸರಿನ ಏಣು ಇದೇ. ಇಡೀ ಅಗಲಕ್ಕೆ ಹಾಕಬೇಡಿ, ಅಲ್ಲಲ್ಲಿ ಕಡಿದು ಹೋಗಲಿ.

ನೀರಿಗೆ ನನಗೆ ಪ್ರಿಯವಾದ ಉಪಾಯ ಒಂದಿದೆ. ಬೂದು ಎರಡು ಸಾಲು, ಬಿಳಿ ಎರಡು ಸಾಲು ನೇಯ್ದು ಬಡಿದರೆ ಸಾಲುಗಳು ತಾವಾಗಿ ಸಣ್ಣ ತೆರೆಗಳಾಗಿ ಬಳುಕುತ್ತವೆ. ಅದೇ ಬಣ್ಣಗಳನ್ನು ಒಂದೊಂದೇ ಸಾಲು ಬದಲಿಸಿದರೆ ಅಡ್ಡ ಗೆರೆ ಮಾಯವಾಗಿ ತೆಳ್ಳನೆ ಉದ್ದ ಗೆರೆಗಳು ಏಳುತ್ತವೆ. ಆಚೆ ದಡದ ಜಾಲಿಮರದ ನೆರಳು ನೀರಿಗೆ ಬೀಳುವಲ್ಲಿ ಇದನ್ನು ಬಳಸಿ. ನೂಲು ಬೇರೆಯಿಲ್ಲ, ಕ್ರಮ ಮಾತ್ರ ಬೇರೆ.

ಹುಲ್ಲಿಗೆ ಮೂರಿಂಚಿನ ನೂಲಿನ ತುಂಡನ್ನು ಎರಡು ಎಳೆಗಳ ಮೇಲಿಟ್ಟು, ಎರಡೂ ತುದಿಗಳನ್ನು ಹಿಂದಿನಿಂದ ಸುತ್ತಿ ಆ ಎಳೆಗಳ ನಡುವಿನಿಂದ ಮುಂದಕ್ಕೆ ಎಳೆದುಕೊಳ್ಳಿ. ಮೇಲೆ ಮೂರು ನಾಲ್ಕು ಸಾಲು ಸಾದಾ ನೇಯ್ಗೆ ಬಂದರೆ ಗಂಟು ಕದಲುವುದಿಲ್ಲ. ಕತ್ತರಿಸುವಾಗ ಸಮ ಮಾಡಬೇಡಿ.

ಬಾತುಗಳು ಬೇಕೇ ಬೇಕೆನಿಸಿದರೆ ದೂರದಲ್ಲಿಡಿ: ಎರಡು ಎಳೆ ಅಗಲ, ನಾಲ್ಕು ಸಾಲು ಎತ್ತರದ ಬೂದು ಚುಕ್ಕಿ, ಅದರ ತುದಿಗೆ ಒಂದು ಬಿಳಿ ಸುತ್ತು. ತಲೆಯ ಕಪ್ಪು ಪಟ್ಟೆ ನೇಯುವ ಆಸೆ ಬಿಡಿ, ಇಂಚಿಗೆ ನಾಲ್ಕೇ ಎಳೆ ಇರುವ ಹಾಸಿನಲ್ಲಿ ಅದು ಬರುವುದಿಲ್ಲ. ಇಂಥ ಚುಕ್ಕಿಗಳು ಏಳೆಂಟು ಒಂದು ಕಡೆ ಗುಂಪಾಗಿ, ಒಂದೆರಡು ಬೇರೆಯಾಗಿ ಇದ್ದರೆ ಹಿಂಡು ಎಂದು ಕಣ್ಣು ತಾನೇ ಓದಿಕೊಳ್ಳುತ್ತದೆ.

ಹಂತ 5: ಇಳಿಸುವುದು

ಕೊನೆಗೆ ಮತ್ತೆ ಆರೆಂಟು ಸಾಲು ಹತ್ತಿ ದಾರ. ಹಾಸಿನ ಎಳೆಗಳನ್ನು ಎರಡೆರಡಾಗಿ ಕತ್ತರಿಸಿ, ಆಗಲೇ ಗಂಟು ಹಾಕುತ್ತ ಬನ್ನಿ. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ. ಉಳಿದ ತುದಿಗಳನ್ನು ಸೂಜಿಯಿಂದ ಹಿಂಬದಿಗೆ ಸೇರಿಸಿ, ಒದ್ದೆ ಬಟ್ಟೆ ಹಾಸಿ ಮೇಲಿನಿಂದ ಇಸ್ತ್ರಿ ಆಡಿಸಿ. ಒತ್ತಬೇಡಿ, ಹಬೆ ತಾಗಿದರೆ ಸಾಕು. ಮೇಲಿನ ಅಂಚಿನ ಹಿಂದೆ ಬಟ್ಟೆಯ ಪಟ್ಟಿ ಹೊಲಿದು ಅದರೊಳಗೆ ಕೋಲು ತೂರಿಸಿ ತೂಗುಹಾಕಿ.

ನೇರ ಬಿಸಿಲು ಬೀಳುವ ಗೋಡೆ ಬೇಡ. ಕಿಟಕಿಯ ಬೆಳಕು ಪಕ್ಕದಿಂದ ಬರುವ ಗೋಡೆಯಾದರೆ ದಂಡೆಯ ಏಣು, ಹುಲ್ಲು ಎದ್ದು ಕಾಣುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಇಳಿಸಿ, ಹಿಂಬದಿಯನ್ನು ಮೃದು ಬ್ರಷ್‌ನಿಂದ ಗುಡಿಸಿ ನುಸಿ ಹತ್ತಿದೆಯೇ ನೋಡಿ.