ಪಿಸ್ಟನ್ ಮತ್ತು ವಾಲ್ವ್ ನಡುವಿನ ಅಂತರವನ್ನು ಅಳೆಯುವ ಕ್ರಮ

ಹಳೆಯ ಬುಲೆಟ್ 350ರ ಎಂಜಿನ್ ಬಿಚ್ಚಿ ಮತ್ತೆ ಜೋಡಿಸುವಾಗ ಹೆಡ್ ಫೇಸಿಂಗ್ (ಹೆಡ್ಡಿನ ತಳವನ್ನು ತುಸು ಸವೆಸಿ ಮಟ್ಟ ಮಾಡುವುದು) ಮಾಡಿಸಿದ್ದರೆ, ತಲೆ ಉಬ್ಬಿದ ಪಿಸ್ಟನ್ನನ್ನೋ ವಾಲ್ವನ್ನು ಹೆಚ್ಚು ತೆರೆಯುವ ಕ್ಯಾಮನ್ನೋ ಹಾಕಿದ್ದರೆ, ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂಬುದನ್ನು ಅಳೆಯದೆ ಎಂಜಿನ್ ಸ್ಟಾರ್ಟ್ ಮಾಡಬಾರದು. ಕೈಯಲ್ಲಿ ತಿರುಗಿಸಿದಾಗ ಎಲ್ಲಿಯೂ ತಾಗಲಿಲ್ಲ ಎಂಬುದು ಸಾಲದು. ವೇಗ ಏರಿದಾಗ ಕನೆಕ್ಟಿಂಗ್ ರಾಡ್ ತುಸು ಹಿಗ್ಗುತ್ತದೆ, ಬೇರಿಂಗುಗಳ ಸಡಿಲವೂ ಅದಕ್ಕೆ ಸೇರುತ್ತದೆ, ಸ್ಪ್ರಿಂಗ್ ಸೋತಿದ್ದರೆ ವಾಲ್ವ್ ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಪಿಸ್ಟನ್ ತಲೆಯ ಮಸಿಯನ್ನು ಪೂರ್ತಿ ತೆಗೆದು, ವಾಲ್ವುಗಳು ಎದುರಾಗುವ ಎರಡೂ ಕಡೆ ಮಕ್ಕಳು ಆಡುವ ಮೆದು ಕ್ಲೇಯನ್ನು 5–6 ಮಿ.ಮೀ. ದಪ್ಪಕ್ಕೆ ಒತ್ತಿ, ಅದು ವಾಲ್ವಿಗೆ ಅಂಟದಂತೆ ಮೇಲೆ ಎಣ್ಣೆ ಸವರಬೇಕು. ಒಮ್ಮೆ ಬಿಗಿದು ಅದುಮಿದ, ಹೊಸದರಷ್ಟೇ ದಪ್ಪದ ಹಳೆಯ ಗ್ಯಾಸ್ಕೆಟ್ ಇಟ್ಟು, ಹೆಡ್ಡನ್ನು ನಿಗದಿತ ಟಾರ್ಕ್‌ಗೆ (ಬಿಗಿಯುವ ಬಲಕ್ಕೆ) ಬಿಗಿದು, ಕ್ಯಾಮಿನ ಚಲನೆಯನ್ನು ವಾಲ್ವಿನ ಕಡೆಗೆ ಮುಟ್ಟಿಸುವ ಪುಶ್‌ರಾಡುಗಳನ್ನು ಸರಿಯಾಗಿ ಹೊಂದಿಸಿ. ಹೈಡ್ರಾಲಿಕ್ ಟ್ಯಾಪೆಟ್ (ಕ್ಯಾಮಿಗೂ ಪುಶ್‌ರಾಡಿಗೂ ನಡುವಿನ, ಒಳಗೆ ಎಣ್ಣೆ ತುಂಬಿಕೊಳ್ಳುವ ಭಾಗ) ಇರುವ ಯುಸಿಇ ಎಂಜಿನ್ನಿನಲ್ಲಿ, ಅಂದರೆ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ಕವಚದಲ್ಲಿರುವ ನಂತರದ ಬುಲೆಟ್ ಎಂಜಿನ್ನಿನಲ್ಲಿ, ಟ್ಯಾಪೆಟ್ ಒಳಗಿನ ಎಣ್ಣೆ ಜಾರಿ ವಾಲ್ವ್ ಪೂರ್ತಿ ತೆರೆಯದೆ, ಅಂತರ ಇದ್ದುದಕ್ಕಿಂತ ಹೆಚ್ಚೆಂದು ಕಾಣುವುದರಿಂದ, ಅಲ್ಲಿ ಕುಗ್ಗದ ಟ್ಯಾಪೆಟ್ಟನ್ನು ತಾತ್ಕಾಲಿಕವಾಗಿ ಹಾಕಿಯೇ ಅಳೆಯಬೇಕು.

ಪ್ಲಗ್ ತೆಗೆದು, ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ, ಓಡುವ ದಿಕ್ಕಿನಲ್ಲಿಯೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು, ಏಕೆಂದರೆ ಕ್ಯಾಮ್ ಒಂದು ಸುತ್ತು ಮುಗಿಸಲು ಕ್ರ್ಯಾಂಕ್ ಎರಡು ಸುತ್ತು ಬರಬೇಕು. ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಯೇ ನಿಲ್ಲಿಸಿ ಹೆಡ್ ತೆಗೆಯಿರಿ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಎರಡು ವಾಲ್ವುಗಳೂ ತುಸು ತೆರೆದಿರುವಾಗಲೇ ಅಪಾಯ ಹೆಚ್ಚು: ಪಿಸ್ಟನ್ ತುತ್ತತುದಿ ತಲುಪಲು ಕ್ರ್ಯಾಂಕ್ ಇನ್ನೂ ಸುಮಾರು 10 ಡಿಗ್ರಿ ತಿರುಗಬೇಕಾಗಿರುವಾಗ ಎಕ್ಸಾಸ್ಟ್ ವಾಲ್ವ್, ಅಲ್ಲಿಂದ ಇಳಿದ ಸುಮಾರು 10 ಡಿಗ್ರಿಗೆ ಇನ್‌ಲೆಟ್ ವಾಲ್ವ್ ಪಿಸ್ಟನ್ನಿಗೆ ಅತಿ ಹತ್ತಿರ ಬರುತ್ತವೆ.

ಹೆಡ್ ಎತ್ತಿದ ಮೇಲೆ ಕ್ಲೇಯನ್ನು ಹರಿತ ಬ್ಲೇಡಿನಿಂದ ವಾಲ್ವಿನ ಗುರುತಿನ ಅಡ್ಡಕ್ಕೆ ಕೊಯ್ದು, ಅತಿ ತೆಳುವಾದ ಜಾಗದ ದಪ್ಪವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ. ಕ್ಯಾಮ್ ತಯಾರಕರು ಕೊಟ್ಟ ಅಂಕಿಯೇ ಅಂತಿಮ; ಅದು ಸಿಗದಿದ್ದರೆ ಇನ್‌ಲೆಟ್ ಕಡೆ 1.5 ಮಿ.ಮೀ., ಎಕ್ಸಾಸ್ಟ್ ಕಡೆ 2 ಮಿ.ಮೀ.ಗಿಂತ ಕಡಿಮೆ ಬಿಡುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಎಕ್ಸಾಸ್ಟಿಗೆ ಹೆಚ್ಚು ಬೇಕಾಗುವುದು ಏಕೆಂದರೆ ಅದು ಬಿಸಿಯಲ್ಲಿ ಹೆಚ್ಚು ಉದ್ದವಾಗುತ್ತದೆ, ಮೇಲಾಗಿ ಮುಚ್ಚಿಕೊಳ್ಳುತ್ತಿರುವ ಅದನ್ನು ಪಿಸ್ಟನ್ ಬೆನ್ನಟ್ಟಿ ಬರುತ್ತದೆ; ಇನ್‌ಲೆಟ್ ವಾಲ್ವಾದರೋ ಇಳಿಯುತ್ತಿರುವ ಪಿಸ್ಟನ್ನಿನ ಹಿಂದೆ ಹೋಗುತ್ತದೆ. ಪಿಸ್ಟನ್ನಿನಲ್ಲಿ ವಾಲ್ವಿಗಾಗಿ ಕೊರೆದ ತಗ್ಗು ಇದ್ದರೆ, ವಾಲ್ವಿನ ಅಂಚಿಗೂ ತಗ್ಗಿನ ಗೋಡೆಗೂ ನಡುವೆ ಸುತ್ತಲೂ ಅಂತರವಿದೆಯೇ ಎಂಬುದನ್ನೂ ಅದೇ ಕ್ಲೇಯಲ್ಲಿ ನೋಡಬೇಕು; ಬಹುತೇಕರು ಇದನ್ನು ಬಿಟ್ಟುಬಿಡುತ್ತಾರೆ.

ಅಂತರ ಸಾಲದಿದ್ದರೆ ದಪ್ಪ ಗ್ಯಾಸ್ಕೆಟ್ ಹಾಕುವುದು ಸುಲಭದ ದಾರಿ, ಆದರೆ ಕಂಪ್ರೆಶನ್ ಇಳಿಯುತ್ತದೆ. ಕ್ಯಾಮ್ ಹೆಡ್ಡಿನಲ್ಲಿಯೇ ಇರುವ ಚೈನಿನ ಎಂಜಿನ್ನುಗಳಲ್ಲಿ ಇದರಿಂದ ವಾಲ್ವ್ ತೆರೆದು ಮುಚ್ಚುವ ಟೈಮಿಂಗೂ ತುಸು ತಡವಾಗುತ್ತದೆ. ಪಿಸ್ಟನ್ನಿನ ತಗ್ಗನ್ನು ಆಳ ಮಾಡಿಸುವುದಾದರೆ ಮೊದಲು ಆ ಜಾಗದಲ್ಲಿ ಪಿಸ್ಟನ್ ತಲೆಯ ದಪ್ಪವನ್ನು ಒಳಗಿನಿಂದ ಅಳೆದು, ಕೆಲಸ ಮುಗಿದ ಬಳಿಕ ಹೊಸ ಕ್ಲೇ ಇಟ್ಟು ಎರಡೂ ವಾಲ್ವುಗಳ ಅಂತರವನ್ನು ಮತ್ತೊಮ್ಮೆ ಅಳೆಯಿರಿ.